ಟಿಕ್ ಎಂದ ರಿಲೇ

ಹತ್ತನೇ ತರಗತಿಯ ‘ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು’ ಘಟಕದಲ್ಲಿ ವಿದ್ಯುತ್ಕಾಂತದ ಉಪಯೋಗಕ್ಕೆ ನಾವೆಲ್ಲ ಕೊಡುವ ಉದಾಹರಣೆ ವಿದ್ಯುತ್ ಗಂಟೆ. ನನಗೆ ಬೇರೊಂದು ಬೇಕಿತ್ತು. ಅದು ಸಿಕ್ಕಿದ್ದು ಹಾಸನದಲ್ಲಿರುವ ಸೋದರಮಾವನ ಗ್ಯಾರೇಜಿನಲ್ಲಿ.

ಎಬಿಎಸ್ ದೀಪ ಆರುತ್ತಿಲ್ಲವೆಂದು ಹಳೆಯ ಕಾರೊಂದು ಬಂದಿತ್ತು. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಕಾರು ಜಾರದಂತೆ, ಬ್ರೇಕಿನ ಒತ್ತಡವನ್ನು ಕ್ಷಣಕ್ಷಣಕ್ಕೂ ಇಳಿಸಿ ಏರಿಸುವ ವ್ಯವಸ್ಥೆ ಇದು. ಇದು ಕೆಟ್ಟರೂ ಸಾಮಾನ್ಯ ಬ್ರೇಕ್ ಹಿಡಿಯುತ್ತದೆ. ಅದಕ್ಕೇ ಎಷ್ಟೋ ಜನ ದೀಪ ಉರಿಯುತ್ತಿದ್ದರೂ ತಿಂಗಳುಗಟ್ಟಲೆ ಓಡಿಸುತ್ತಾರೆ, ಮಳೆಗಾಲದಲ್ಲೂ.

ಸ್ಕ್ಯಾನರ್ ಪಂಪಿನ ಮೋಟಾರಿನ ಕಡೆ ಬೊಟ್ಟು ಮಾಡಿತು. ಫ್ಯೂಸ್ ಸರಿಯಿತ್ತು. ಮಾವ ಪಂಪಿನ ರಿಲೇ ಕಿತ್ತು 85, 86ನೇ ಪಿನ್ನುಗಳಿಗೆ 12 ವೋಲ್ಟ್ ಕೊಟ್ಟರು. ಟಿಕ್ ಎಂದಿತು. 30, 87ರ ನಡುವೆ ಮಲ್ಟಿಮೀಟರ್ ಇಟ್ಟರೆ ಬೀಪ್ ಕೂಡ ಬಂತು. ಹಾಗಾದರೆ ರಿಲೇ ಸರಿಯಿದೆಯೇ ಎಂದು ಕೇಳಿದೆ.

“ಟಿಕ್ ಅಂದ್ರೆ ಕಾಯಿಲ್ ಎಳೀತಿದೆ ಅಂತ ಅಷ್ಟೇ ಕಣಮ್ಮ. ಕಾಂಟ್ಯಾಕ್ಟಿಗೆ ಲೋಡ್ ಕೊಟ್ಟು ನೋಡ್ಬೇಕು” ಎಂದು 55 ವ್ಯಾಟಿನ ಹೆಡ್‌ಲೈಟ್ ಬಲ್ಬನ್ನು 87ಕ್ಕೆ ಜೋಡಿಸಿದರು. ಬಲ್ಬು ಮಂಕಾಗಿ ಉರಿಯಿತು. 30, 87ರ ನಡುವೆ ಸುಮಾರು 5 ವೋಲ್ಟ್! ಕಾಂಟ್ಯಾಕ್ಟ್ ಚೆನ್ನಾಗಿದ್ದರೆ ಅಲ್ಲಿ ಸೊನ್ನೆಯ ಹತ್ತಿರ ಇರಬೇಕು. ಒಂದೆರಡು ಓಮ್ ರೋಧವಿದ್ದರೂ ಮಲ್ಟಿಮೀಟರ್ ಬೀಪ್ ಎನ್ನುತ್ತದೆ. ಹಲವು ಆಂಪಿಯರ್ ಬೇಡುವ ಮೋಟಾರಿಗೆ ಅಷ್ಟೇ ರೋಧ ದೊಡ್ಡ ಅಡ್ಡಿ. ಮುಚ್ಚಳ ಬಿಚ್ಚಿದಾಗ ಕಾಂಟ್ಯಾಕ್ಟ್ ಕಪ್ಪಾಗಿ ಗುಳಿಬಿದ್ದಿತ್ತು.

ಆ ರಿಲೇಯನ್ನೇ ತರಗತಿಗೆ ಒಯ್ದೆ. ಕೆಲಸ ವಿವರಿಸಿದ ಮೇಲೆ ನೈದಾನಿಕ ಪರೀಕ್ಷೆಯಲ್ಲಿ ‘ರಿಲೇ ಎಂದರೇನು?’ ಎಂದು ಕೇಳಲಿಲ್ಲ. ಕೇಳಿದ್ದರೆ ಎಲ್ಲರೂ ವ್ಯಾಖ್ಯೆ ಬರೆಯುತ್ತಿದ್ದರು, ಅದೂ ಒಂದು ಟಿಕ್. ‘ಸದ್ದು ಬರುತ್ತಿದೆ, ಪಂಪು ತಿರುಗುತ್ತಿಲ್ಲ. ರಿಲೇಯಲ್ಲಿ ಯಾವ ಭಾಗ ಕೆಟ್ಟಿರಬಹುದು?’ ಎಂದು ಕೇಳಿದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಕಾಯಿಲ್ ಎಂದರು. ಚಿತ್ರ ಬರೆಸಿದಾಗ ಕಾರಣ ತಿಳಿಯಿತು: ಕಾಯಿಲಿನ ವಿದ್ಯುತ್ತೇ ಪಂಪಿಗೂ ಹೋಗುತ್ತದೆಂದು ಒಂದೇ ಮಂಡಲ ಬರೆದಿದ್ದರು.

ಪರಿಹಾರ ಬೋಧನೆಗೆ ಒಂದೇ ಲೆಕ್ಕ ಸಾಕಾಯಿತು. ಕಾಯಿಲಿನ ರೋಧ 80 ಓಮ್, ಬ್ಯಾಟರಿ 12 ವೋಲ್ಟ್; ಹರಿಯುವುದು 0.15 ಆಂಪಿಯರ್. ಇಷ್ಟರಲ್ಲಿ ಪಂಪು ತಿರುಗೀತೇ? ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಾನಾಗಿಯೇ ಎದ್ದು ಬಂದು ಕಪ್ಪುಹಲಗೆಯ ಮೇಲೆ ಎರಡನೇ ಮಂಡಲ ಬರೆದಳು.

“ಮಿಸ್, ಕಾಂಟ್ಯಾಕ್ಟನ್ನ ಉಪ್ಪುಕಾಗದದಲ್ಲಿ ಉಜ್ಜಿದ್ರೆ ಆಗಲ್ವಾ?” ಎಂದು ಇನ್ನೊಬ್ಬ ಕೇಳಿದ. ಮಾವನನ್ನು ವಿಚಾರಿಸಿ ಮರುದಿನ ಹೇಳಿದೆ: ಉಜ್ಜಿದ್ದು ಸರಿಯಾಗಿ ಕೂರದೆ ಮತ್ತೆ ಬಿಸಿಯಾಗಿ ಸುಡುತ್ತದೆ. ಬ್ರೇಕಿನ ರಿಲೇಯನ್ನು ಅವರು ಉಜ್ಜುವುದಿಲ್ಲ, ಹೊಸದನ್ನೇ ಹಾಕುತ್ತಾರೆ.