ಕಾರಣವನ್ನು ಕಳೆದುಕೊಂಡ ಕಾರ್ಯ

ಅದ್ಭುತಕಥೆಯ ಚಲಚ್ಚಿತ್ರವೊಂದನ್ನು ಮನೆಯವರೆಲ್ಲರೂ ಕುಳಿತು ನೋಡಿದ ತರುವಾಯ ಕಿರಿಯರಲ್ಲಿ ವಾದವೇಳುವುದು ಸಾಮಾನ್ಯವಾದ ಸಂಗತಿ. “ಅವನಿಗೆ ಅಷ್ಟು ಶಕ್ತಿಯಿದ್ದರೆ ಮೊದಲೇ ಏಕೆ ಉಪಯೋಗಿಸಲಿಲ್ಲ? ಅವಳಿಗೆ ಆ ರಹಸ್ಯವು ತಿಳಿದಿದ್ದಿತಷ್ಟೆ, ಏಕೆ ಹೇಳಲಿಲ್ಲ?” ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಹಿರಿಯರು ಇದನ್ನು ಕೇಳಿ ನಕ್ಕು, “ಮಾತನಾಡುವ ಮರವನ್ನೂ ಬೆಂಕಿಯುಗುಳುವ ಸರ್ಪವನ್ನೂ ಒಪ್ಪಿದವರು ಇಷ್ಟನ್ನು ಒಪ್ಪಲಾರಿರಾ?” ಎಂದುಬಿಡುವುದುಂಟು. ಈ ಸಮಾಧಾನವು ಮೇಲುನೋಟಕ್ಕೆ ಸರಿಯೆಂದು ತೋರಿದರೂ ವಿಚಾರಕ್ಕೆ ನಿಲ್ಲತಕ್ಕುದಲ್ಲ.

ಮರವು ಮಾತನಾಡುವುದು ಆ ಲೋಕದ ಸೃಷ್ಟಿಧರ್ಮ. ಕಥೆಯ ಆರಂಭದಲ್ಲಿಯೇ ಕವಿಯು ಅದನ್ನು ಬೇಡಿಕೊಳ್ಳುತ್ತಾನೆ. ಸಹೃದಯನು ಸಂತೋಷದಿಂದ ಕೊಟ್ಟುಬಿಡುತ್ತಾನೆ. ಆದರೆ ಆ ಮರದ ಕೆಳಗೆ ನಿಂತವನ ಭಯ, ಆಸೆ, ನಾಚಿಕೆ, ಕರುಣೆಗಳು ಮನುಷ್ಯಲೋಕದವೇ. ಅವುಗಳಿಗೆ ಬೇರೊಂದು ಧರ್ಮವಿಲ್ಲ. ಹನುಮಂತನು ಸಮುದ್ರವನ್ನು ಹೇಗೆ ಲಂಘಿಸಿದನೆಂದು ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಅಶೋಕವನದವರೆಗೆ ಹೋದವನು ಸೀತಾದೇವಿಯನ್ನು ಬೆನ್ನಮೇಲೆ ಕುಳ್ಳಿರಿಸಿಕೊಂಡು ಬಂದುಬಿಟ್ಟಿದ್ದರೆ ಸೇತುಬಂಧವೂ ಯುದ್ಧವೂ ಏಕೆ ಬೇಕಾಗುತ್ತಿದ್ದವೆಂಬ ಪ್ರಶ್ನೆಯು ಯಾವ ಬಾಲಕನಿಗಾದರೂ ಹುಟ್ಟುತ್ತದೆ. ವಾಲ್ಮೀಕಿಮಹರ್ಷಿಯು ಈ ಪ್ರಶ್ನೆಯನ್ನು ಬಾಲಿಶವೆಂದು ತಳ್ಳಿಹಾಕಲಿಲ್ಲ. ಸುಂದರಕಾಂಡದಲ್ಲಿ ಹನುಮಂತನ ಬಾಯಿಂದಲೇ ಆ ಸಲಹೆಯನ್ನು ಹೇಳಿಸಿ, ಸೀತೆಯ ಬಾಯಿಂದ ಉತ್ತರವನ್ನು ಕೊಡಿಸಿದನು: ವೇಗದಲ್ಲಿ ತಾನು ಕಡಲಿಗೆ ಬಿದ್ದುಹೋಗಬಹುದು, ರಾಕ್ಷಸರು ಬೆನ್ನಟ್ಟಿದರೆ ಹನುಮಂತನು ಕಾದಾಡುವುದೂ ತನ್ನನ್ನು ಕಾಯುವುದೂ ಒಟ್ಟಿಗೆ ಆಗಲಾರದು, ಪರಪುರುಷನ ಶರೀರವನ್ನು ತಾನಾಗಿ ಮುಟ್ಟುವುದು ತನಗೆ ತಕ್ಕುದಲ್ಲ, ರಾವಣನನ್ನು ಸಂಹರಿಸಿ ಕರೆದೊಯ್ಯುವುದೇ ರಾಮನ ಕೀರ್ತಿಗೆ ಒಪ್ಪುವ ಮಾತು. ಅದ್ಭುತವು ಹೆಚ್ಚಿದಷ್ಟೂ ಕಾರಣವು ಬಿಗಿಯಾಗಿರಬೇಕೆಂಬುದನ್ನು ಆದಿಕವಿಯು ಬಲ್ಲವನಾಗಿದ್ದನು.

ಕಾದಂಬರಿಯು ಚಲಚ್ಚಿತ್ರವಾಗುವಾಗ ಮೊದಲು ಕತ್ತರಿಗೆ ಸಿಕ್ಕುವುವು ಇಂತಹ ಉತ್ತರಗಳೇ. ಕಾರ್ಯವು ಕಣ್ಣಿಗೆ ಕಾಣುವಂತಹುದು. ಅದನ್ನು ತೆರೆಯ ಮೇಲೆ ತೋರಿಸಬಹುದು. ಕಾರಣವೋ ಹಿಂದಿನ ಮಾತಿನಲ್ಲಿ, ಮನಸ್ಸಿನ ಮೂಲೆಯಲ್ಲಿ, ಒಂದು ಸಲ ಬಂದು ಹೋಗುವ ಸಣ್ಣ ಪಾತ್ರದಲ್ಲಿ ಅಡಗಿರುತ್ತದೆ. ಸಾವಿರ ಪುಟಗಳ ಗ್ರಂಥವನ್ನು ಕೆಲವು ಗಂಟೆಗಳಿಗೆ ಇಳಿಸಬೇಕಾದವನು ಕಾರ್ಯವನ್ನು ಉಳಿಸಿಕೊಂಡು ಕಾರಣವನ್ನು ಬಿಟ್ಟುಬಿಡುತ್ತಾನೆ.

ಹಾಗೆಂದು ಮೂಲವನ್ನು ಬದಲಾಯಿಸಿದುದೇ ಅಪರಾಧವೆಂದು ಹೇಳಲಾಗದು. ಒಂಬತ್ತನೆಯ ಶತಮಾನದಲ್ಲಿ ಆನಂದವರ್ಧನನು ಧ್ವನ್ಯಾಲೋಕದಲ್ಲಿ, ಇತಿಹಾಸದಿಂದ ಬಂದ ಕಥೆಯಲ್ಲಿ ರಸಕ್ಕೆ ಪ್ರತಿಕೂಲವಾದುದಿದ್ದರೆ ಅದನ್ನು ಬಿಟ್ಟು ಅನುಕೂಲವಾದುದನ್ನು ಕಲ್ಪಿಸಿಕೊಳ್ಳಲು ಕವಿಗೆ ಅಧಿಕಾರವುಂಟೆಂದು ವಿಧಿಸಿರುವನು. ಮಹಾಭಾರತದ ದುಷ್ಯಂತನು ಶಕುಂತಲೆಯನ್ನು ಗುರುತಿಸಿಯೂ ಲೋಕಾಪವಾದಕ್ಕೆ ಅಂಜಿ ನಿರಾಕರಿಸುತ್ತಾನೆ. ಕಾಳಿದಾಸನು ಆ ಅಂಜಿಕೆಯನ್ನು ತೆಗೆದು ಅದರ ಸ್ಥಾನದಲ್ಲಿ ದುರ್ವಾಸರ ಶಾಪವನ್ನೂ ಕಳೆದುಹೋದ ಉಂಗುರವನ್ನೂ ಇಟ್ಟನು. ತೆಗೆದ ಕಾರಣಕ್ಕೆ ಪ್ರತಿಯಾಗಿ ಮತ್ತೊಂದು ಕಾರಣವು ಬಂದುದರಿಂದ ನಾಟಕದಲ್ಲಿ ಎಲ್ಲಿಯೂ ಬಿರುಕು ಕಾಣುವುದಿಲ್ಲ. 941ರಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಪತ್ನಿಯಾಗಿ ಮಾಡಿದನು. ಆದರೆ ಆಕೆಯ ಮುಡಿಗಾಗಿ ಪ್ರತಿಜ್ಞೆಮಾಡುವವನೂ ಕಡೆಗೆ ಆ ಮುಡಿಯನ್ನು ಕಟ್ಟುವವನೂ ಭೀಮನಾಗಿಯೇ ಉಳಿದನು. ಪತಿಯಾದ ಅರ್ಜುನನಿರುವಾಗ ಭೀಮನಿಗೇಕೆ ಈ ಅಧಿಕಾರವೆಂದು ಓದುಗನು ಒಂದು ಕ್ಷಣ ನಿಲ್ಲುತ್ತಾನೆ. ಪಂಪನ ವಾಣಿಯ ಬಲವು ಆ ಶಂಕೆಯನ್ನು ಮರೆಯಿಸಿಬಿಡುತ್ತದೆಂಬುದು ಬೇರೆ ಮಾತು. ಕಾರಣವೊಂದನ್ನು ತೆಗೆದವನು ಮತ್ತೊಂದನ್ನು ಇಡಬೇಕು. ಇಲ್ಲವಾದರೆ ಕಾರ್ಯವು ಅನಾಥವಾಗುತ್ತದೆ. ಚಲಚ್ಚಿತ್ರಗಳನ್ನು ಪರೀಕ್ಷಿಸಲು ಇಷ್ಟೇ ಸೂತ್ರವು ಸಾಕು.

ಮೊದಲು ಸುಲಭವಾದ ಉದಾಹರಣೆಯನ್ನು ನೋಡಬಹುದು. ಅಮೆರಿಕದ ಎಲ್. ಫ್ರಾಂಕ್ ಬಾಮ್ ಎಂಬ ಗ್ರಂಥಕರ್ತನು 1900ರಲ್ಲಿ ಪ್ರಕಟಿಸಿದ ಆಜ್ ದೇಶದ ಮಾಂತ್ರಿಕನ ಕಥೆಯು 1939ರಲ್ಲಿ ಚಲಚ್ಚಿತ್ರವಾಯಿತು. ಬಿರುಗಾಳಿಗೆ ಸಿಕ್ಕಿ ಅಪರಿಚಿತ ದೇಶದಲ್ಲಿ ಬಿದ್ದ ಡೊರೊಥಿ ಎಂಬ ಹುಡುಗಿಗೆ ಮಾಯಾಪಾದರಕ್ಷೆಗಳು ದೊರೆಯುತ್ತವೆ. ಅವುಗಳ ಬಲದಿಂದ ಆಕೆಯು ಯಾವ ಕ್ಷಣದಲ್ಲಿಯಾದರೂ ಮನೆಗೆ ಹಿಂದಿರುಗಬಹುದಾಗಿದ್ದಿತು. ಗ್ರಂಥದಲ್ಲಿ ಅವುಗಳನ್ನು ಆಕೆಗೆ ಕೊಡುವವಳು ಉತ್ತರದಿಕ್ಕಿನ ಒಬ್ಬ ವೃದ್ಧ ಮಾಟಗಾತಿ. ಆ ಸಾಧ್ವಿಗೆ ಪಾದರಕ್ಷೆಗಳ ಗುಟ್ಟು ತಿಳಿಯದು. ಗುಟ್ಟನ್ನು ಬಲ್ಲವಳು ದಕ್ಷಿಣದ ಗ್ಲಿಂಡಾ. ಆಕೆಯ ದರ್ಶನವು ಕಥೆಯ ಕೊನೆಯಲ್ಲಿ. ಚಿತ್ರದವರು ಈ ಇಬ್ಬರನ್ನು ಒಬ್ಬಳನ್ನಾಗಿ ಮಾಡಿದರು. ಅಂದಮೇಲೆ ಎಲ್ಲವನ್ನೂ ಬಲ್ಲ ಗ್ಲಿಂಡಾ ಆರಂಭದಲ್ಲಿಯೇ ಹೇಳದೆ ಆ ಹುಡುಗಿಯನ್ನು ಅಷ್ಟೊಂದು ಅಪಾಯಗಳಿಗೆ ಏಕೆ ಕಳುಹಿಸಿದಳು? ಒಬ್ಬಳು ಪಾತ್ರಧಾರಿಣಿಯ ಉಳಿತಾಯಕ್ಕಾಗಿ ಸಾಧ್ವಿಯೊಬ್ಬಳು ನಿರ್ದಯಳಾಗಿ ಕಾಣಬೇಕಾಯಿತು. ಈ ಬಿರುಕು ಚಿತ್ರದವರಿಗೂ ಕಾಣದೆ ಇರಲಿಲ್ಲ. ಮೊದಲೇ ಹೇಳಿದ್ದರೆ ಹುಡುಗಿಯು ನಂಬುತ್ತಿರಲಿಲ್ಲ, ತಾನಾಗಿಯೇ ಕಲಿಯಬೇಕಾಗಿದ್ದಿತು ಎಂದು ಗ್ಲಿಂಡಾಳಿಂದ ಹೇಳಿಸಿರುವರು. ಉತ್ತರವು ಪೂರ್ಣವಲ್ಲದಿದ್ದರೂ ಸ್ಥಾನವನ್ನು ಬರಿದಾಗಿ ಬಿಡಲಿಲ್ಲವೆಂಬುದು ಶ್ಲಾಘನೀಯ. ಅಷ್ಟೇ ಅಲ್ಲ, ಮನೆಯ ಬೆಲೆಯನ್ನು ಮನೆಯಿಂದ ದೂರವಾದವನೇ ಅರಿಯುವನೆಂಬ ಅರ್ಥವೂ ಅದರಿಂದ ಹೊರಟಿತು.

ಇನ್ನೊಂದು ಕೃತಿಯು ಇದಕ್ಕಿಂತ ಗಂಭೀರವಾದುದು. ಆಕ್ಸ್‌ಫರ್ಡಿನ ಪ್ರಾಧ್ಯಾಪಕನೂ ಪ್ರಾಚೀನ ಭಾಷೆಗಳ ಪಂಡಿತನೂ ಆಗಿದ್ದ ಟೋಲ್ಕೀನನು 1954-55ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಮಹಾಕಥೆಯನ್ನು ಪೀಟರ್ ಜ್ಯಾಕ್ಸನ್ ಎಂಬ ನಿರ್ದೇಶಕನು ನ್ಯೂಜಿಲೆಂಡಿನಲ್ಲಿ ಚಿತ್ರಿಸಿ, 2001, 2002, 2003 ಈ ಮೂರು ವರ್ಷಗಳಲ್ಲಿ ಮೂರು ಚಿತ್ರಗಳಾಗಿ ಹೊರತಂದನು. ಸೌರಾನನೆಂಬ ದುಷ್ಟನು ಲೋಕವನ್ನಾಳಲು ನಿರ್ಮಿಸಿದ ಉಂಗುರವು ಫ್ರೋಡೊ ಎಂಬ ಕುಳ್ಳನೊಬ್ಬನ ಕೈಗೆ ಬಂದಿದೆ. ಅದು ಹುಟ್ಟಿದ ಅಗ್ನಿಪರ್ವತದಲ್ಲಿಯೇ ಅದನ್ನು ಹಾಕಿ ನಾಶಮಾಡಬೇಕು. ಫ್ರೋಡೊ ತನ್ನ ತೋಟದ ಮಾಲಿಯಾದ ಸ್ಯಾಮನೊಡನೆ ಶತ್ರುವಿನ ರಾಜ್ಯಕ್ಕೆ ಕಾಲುನಡಿಗೆಯಲ್ಲಿ ಹೋಗುತ್ತಾನೆ. ಅವರ ಹಿಂದೆ, ಆ ಉಂಗುರವನ್ನು ಹಿಂದೆ ಹೊಂದಿದ್ದು ಅದರ ಆಸೆಯಿಂದಲೇ ಕ್ಷಯಿಸಿಹೋದ ಗೊಲಮನೆಂಬ ದೀನಜೀವಿಯು ಹೋಗುತ್ತಾನೆ.

ಈ ಚಿತ್ರವನ್ನು ನೋಡಿದವರ ಮೊದಲ ಪ್ರಶ್ನೆಯು, ಮಹಾಗರುಡಪಕ್ಷಿಗಳ ಮೇಲೆ ಕುಳಿತು ಒಂದೇ ದಿನದಲ್ಲಿ ಹೋಗಬಾರದಿತ್ತೆ ಎಂಬುದು. ಈ ಪ್ರಶ್ನೆಯು ಚಿತ್ರದಲ್ಲಿ ಇಷ್ಟು ಬಲವಾಗಿ ಏಳುವುದಕ್ಕೆ ಒಂದು ಕತ್ತರಿಯ ಗುರುತೇ ಕಾರಣ. ಗ್ರಂಥದಲ್ಲಿ ಗ್ಯಾಂಡಾಲ್ಫನೆಂಬ ಜ್ಞಾನಿಯು ಗೋಪುರವೊಂದರಲ್ಲಿ ಸೆರೆಯಾದಾಗ ಗರುಡನು ಬಂದುದು ಅವನ ಕರೆಗಲ್ಲ. ರಾಡಗಾಸ್ಟನೆಂಬ ಮತ್ತೊಬ್ಬ ಮಾಂತ್ರಿಕನು ಸುದ್ದಿ ತರಲು ಪಕ್ಷಿಗಳನ್ನು ಕಳುಹಿಸಿದ್ದನು, ಆದುದರಿಂದ ಬಂದಿತು. ಎಷ್ಟು ದೂರ ಹೊರಬಲ್ಲೆಯೆಂದು ಕೇಳಿದಾಗ, ತಾನು ಬಂದುದು ವಾರ್ತೆಯನ್ನು ತರಲು, ಹೊರೆಯನ್ನು ಹೊರಲು ಅಲ್ಲವೆಂಬ ಅರ್ಥದಲ್ಲಿ ಅದು ಉತ್ತರಿಸುತ್ತದೆ. ಚಿತ್ರದಲ್ಲಿ ರಾಡಗಾಸ್ಟನಿಲ್ಲ. ಗ್ಯಾಂಡಾಲ್ಫನು ಒಂದು ಪತಂಗದ ಕಿವಿಯಲ್ಲಿ ಏನೋ ಉಸುರುತ್ತಾನೆ, ಗರುಡನು ಬರುತ್ತದೆ. ಕರೆದರೆ ಬರುವ ವಾಹನವಾದ ಮೇಲೆ ಎರಡನೆಯ ಸಲ ಏಕೆ ಕರೆಯಲಿಲ್ಲವೆಂದು ಕೇಳದೆ ಇರುವವರಾರು? ಟೋಲ್ಕೀನನಿಗೆ ಈ ಅಪಾಯವು ತಿಳಿದಿದ್ದಿತು. 1958ರಲ್ಲಿ ಬೇರೊಬ್ಬರು ಸಿದ್ಧಪಡಿಸಿದ ಚಿತ್ರಕಥೆಯಲ್ಲಿ ಗರುಡಪಕ್ಷಿಗಳನ್ನು ಬೇಕಾದಲ್ಲೆಲ್ಲ ತಂದಿದ್ದುದನ್ನು ಕಂಡು, ಅವು ಅಪಾಯಕರವಾದ ಸಾಧನ, ತಾನು ಮಿತವಾಗಿ ಬಳಸಿದುದೇ ನಂಬಿಕೆಯ ಮೇರೆ ಎಂಬ ಅಭಿಪ್ರಾಯವನ್ನು ಪತ್ರದಲ್ಲಿ ಬರೆದನು. ಮೂಲದ ತಿರುಳು ಎಲ್ಲಿದೆಯೆಂಬುದನ್ನು ಕಾಣದೆ ಇರುವುದೇ ಇಂತಹ ದೋಷಗಳಿಗೆ ಕಾರಣವೆಂದೂ ಸೂಚಿಸಿದನು. ಆ ತಿರುಳು ಇದು: ಉಂಗುರವನ್ನು ಪಡೆದವನು ಆಳಲು ಬಯಸುವನೇ ಹೊರತು ನಾಶಮಾಡಲು ಬಯಸಲಾರನೆಂದು ಸೌರಾನನು ನಂಬಿದ್ದಾನೆ. ಅವನ ಆ ಕುರುಡುತನದ ಮರೆಯಲ್ಲಿಯೇ ಇಬ್ಬರು ಕುಳ್ಳರು ನಡೆಯಬೇಕು. ಆಕಾಶದಲ್ಲಿ ಗರುಡಸೈನ್ಯವು ಕಾಣಿಸಿಕೊಂಡರೆ ಮರೆಯೆಲ್ಲಿ?

ಫಾರಾಮಿರನ ವಿಷಯವು ಬೇರೆ ಬಗೆಯದು. ಅಲ್ಲಿ ಕಾರಣವನ್ನು ಬಿಟ್ಟುದಲ್ಲ, ಬುದ್ಧಿಪೂರ್ವಕವಾಗಿ ಬದಲಾಯಿಸಿದುದು. ಗ್ರಂಥದ ಫಾರಾಮಿರನು ರಾಜಪ್ರತಿನಿಧಿಯ ಕಿರಿಯ ಮಗ. ಉಂಗುರವು ಕೈಗೆಟುಕುವಷ್ಟು ಹತ್ತಿರವಿದ್ದರೂ ಅದನ್ನು ಬಯಸದೆ ಫ್ರೋಡೊಗೆ ಬುತ್ತಿಯನ್ನು ಕೊಟ್ಟು ಬೀಳ್ಕೊಡುತ್ತಾನೆ. 2002ರ ಚಿತ್ರದಲ್ಲಿ ಅವನು ಫ್ರೋಡೊನನ್ನು ಸೆರೆಹಿಡಿದು ಹಾಳುಬಿದ್ದ ನಗರದವರೆಗೆ ಎಳೆದೊಯ್ದು, ಆಮೇಲೆ ಮನಸ್ಸು ತಿರುಗಿ ಬಿಡುತ್ತಾನೆ. ಎಲ್ಲರನ್ನೂ ಮರುಳುಮಾಡುವ ಉಂಗುರವನ್ನು ಒಬ್ಬನು ಅಷ್ಟು ಸುಲಭವಾಗಿ ಬೇಡವೆಂದರೆ ಪ್ರೇಕ್ಷಕರ ಭಯವೇ ಇಳಿದುಹೋಗುವುದೆಂಬುದು ಚಿತ್ರದವರ ಸಮರ್ಥನೆ. ಈ ವಾದದಲ್ಲಿ ಹುರುಳಿದೆ. ಹೊಸ ಕಾರಣವನ್ನೂ ಅವರು ಕಲ್ಪಿಸಿದ್ದರು: ಹಿರಿಯ ಮಗನನ್ನೇ ಮೆಚ್ಚುವ ತಂದೆಯ ಪ್ರೀತಿಯನ್ನು ಸಂಪಾದಿಸಬೇಕೆಂಬ ಹಂಬಲ. ಆದರೆ ತಂದೆಮಕ್ಕಳ ಆ ದೃಶ್ಯವನ್ನು ಚಿತ್ರಮಂದಿರದ ಪ್ರತಿಯಿಂದ ಕತ್ತರಿಸಿ, 2003ರಲ್ಲಿ ಮನೆಗಳಲ್ಲಿ ನೋಡಲು ಹೊರಟ ವಿಸ್ತೃತಪ್ರತಿಯಲ್ಲಿ ಸೇರಿಸಿದರು. ಮೊದಲು ನೋಡಿದವರಿಗೆ ಫಾರಾಮಿರನು ಕಾರಣವಿಲ್ಲದೆ ಕೆಟ್ಟು ಕಾರಣವಿಲ್ಲದೆ ತಿದ್ದಿಕೊಂಡವನಂತೆ ಕಂಡುದು ಇದರಿಂದಲೇ. ಆದರೂ ಒಂದು ನಷ್ಟವು ಉಳಿಯುತ್ತದೆ. ಉಂಗುರವು ಎದೆಯಲ್ಲಿ ಮೊದಲೇ ಇರುವ ಆಸೆಯನ್ನು ಹಿಡಿದು ಒಳಗೆ ಹೋಗುತ್ತದೆಯೆಂಬುದಕ್ಕೆ ಗ್ರಂಥದ ಫಾರಾಮಿರನು ಸಾಕ್ಷಿಯಾಗಿದ್ದನು. ಒಳ್ಳೆಯವನು ಒಳ್ಳೆಯವನಾಗಿರುವುದಕ್ಕೆ ಮೊದಲು ಕೆಡಲೇಬೇಕೆಂಬ ನಿಯಮವುಂಟೆ?

ಕಡೆಯ ಮಾತು ಅಗ್ನಿಪರ್ವತದ್ದು. ಗೊಲಮನನ್ನು ಹಿಂದೆಯೇ ಕೊಂದುಬಿಟ್ಟಿದ್ದರೆ ಚೆನ್ನಾಗಿದ್ದಿತೆಂದು ಫ್ರೋಡೊ ಹೇಳಿದಾಗ, ಕೊಲ್ಲದೆ ಬಿಟ್ಟ ಆ ಕರುಣೆಯೇ ಮುಂದೆ ಅನೇಕರ ಗತಿಯನ್ನು ನಿರ್ಣಯಿಸಬಹುದೆಂದು ಗ್ಯಾಂಡಾಲ್ಫನು ಎಚ್ಚರಿಸುತ್ತಾನೆ. ನಾಟ್ಯಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದೇ ಬೀಜ. 2001ರ ಚಿತ್ರವೂ ಇದನ್ನು ಶ್ರದ್ಧೆಯಿಂದ ಬಿತ್ತಿದೆ. ಗ್ರಂಥದಲ್ಲಿ ಇದು ಫಲಿಸುವ ಕ್ರಮವನ್ನು ನೋಡಬೇಕು. ಪರ್ವತದ ಇಳಿಜಾರಿನಲ್ಲಿ ಗೊಲಮನು ಮೇಲೆ ಬಿದ್ದಾಗ ಸ್ಯಾಮನು ಕತ್ತಿಯನ್ನೆತ್ತುತ್ತಾನೆ. ದಾರಿಯುದ್ದಕ್ಕೂ ಅವನನ್ನು ದ್ವೇಷಿಸಿದವನು ಸ್ಯಾಮನೇ. ಆದರೆ ಈ ನಡುವೆ ಸ್ಯಾಮನೂ ಸ್ವಲ್ಪ ಕಾಲ ಆ ಉಂಗುರವನ್ನು ಹೊತ್ತಿದ್ದನು. ಅದರ ಭಾರವನ್ನು ಬಲ್ಲವನಾಗಿದ್ದನು. ಎದುರಿಗೆ ಬಿದ್ದಿರುವವನ ಯಾತನೆಯು ಅವನಿಗೆ ಆಗ ಅರ್ಥವಾಗುತ್ತದೆ, ಕೈ ಏಳುವುದಿಲ್ಲ, ಬಿಟ್ಟುಬಿಡುತ್ತಾನೆ. ಅತ್ತ ಫ್ರೋಡೊ ಅಗ್ನಿಯ ಅಂಚಿಗೆ ಬಂದು ಉಂಗುರವನ್ನು ಎಸೆಯಲಾರದೆ ತನ್ನದೆಂದು ಸಾರುತ್ತಾನೆ. ಬದುಕಿ ಉಳಿದ ಗೊಲಮನು ಅವನ ಬೆರಳನ್ನು ಕಚ್ಚಿ ಉಂಗುರವನ್ನು ಕಿತ್ತುಕೊಂಡು, ಆನಂದದಿಂದ ಕುಣಿಯುತ್ತ ಕಾಲುಜಾರಿ ಬೆಂಕಿಗೆ ಬೀಳುತ್ತಾನೆ. ವೀರನು ಸೋತನು, ಕರುಣೆಯು ಗೆದ್ದಿತು. ಆ ಕ್ಷಣದಲ್ಲಿ ಉಂಗುರವನ್ನು ತಡೆದುಕೊಳ್ಳುವುದು ಯಾರಿಗೂ ಸಾಧ್ಯವಿರಲಿಲ್ಲವೆಂದು ಟೋಲ್ಕೀನನು 1963ರಲ್ಲಿ ಪತ್ರವೊಂದರಲ್ಲಿ ವಿವರಿಸಿರುವನು.

2003ರ ಚಿತ್ರದಲ್ಲಿ ಸ್ಯಾಮನ ಆ ಕರುಣೆಯಿಲ್ಲ. ಇಳಿಜಾರಿನಲ್ಲಿ ಬರಿಯ ಕಾದಾಟವಿದೆ. ಅಗ್ನಿಯ ಅಂಚಿನಲ್ಲಿ ಗೊಲಮನು ತಾನಾಗಿ ಬೀಳುವುದಿಲ್ಲ. ಫ್ರೋಡೊ ಎದ್ದು ಬಂದು ಅವನೊಡನೆ ಸೆಣಸುತ್ತಾನೆ, ಇಬ್ಬರೂ ಉರುಳುತ್ತಾರೆ, ಒಬ್ಬನು ಅಂಚಿಗೆ ಜೋತುಬಿದ್ದು ಉಳಿಯುತ್ತಾನೆ. ಫ್ರೋಡೊ ಗೊಲಮನನ್ನು ನೂಕುವಂತೆಯೇ ಮೊದಲು ಚಿತ್ರಿಸಿದ್ದು, ಅದು ಕೊಲೆಯಂತೆ ಕಾಣುವುದೆಂದು ಅಳುಕಿ ಬದಲಾಯಿಸಿದರೆಂಬುದನ್ನು ನೋಡಿದರೆ ತಿರುಳು ಎಲ್ಲಿದೆಯೆಂಬ ಅರಿವು ಅವರಿಗೂ ಇದ್ದಂತೆ ತೋರುತ್ತದೆ. ಉಂಗುರದ ಆಸೆಯೇ ಉಂಗುರವನ್ನು ನುಂಗಿತೆಂದು ಈ ದೃಶ್ಯವನ್ನು ಸಮರ್ಥಿಸಲೂಬಹುದು. ಆದರೂ ನೋಡುವವರ ಮನಸ್ಸಿನಲ್ಲಿ ಉಳಿಯುವುದು ಸೆಣಸಾಟ. ಬಿತ್ತಿದ ಬೀಜಕ್ಕೂ ಕೊಯ್ದ ಫಲಕ್ಕೂ ನಡುವಣ ಕಾಂಡವು ಕಾಣದಂತಾಯಿತು.

ಆದುದರಿಂದ ಕಿರಿಯರು “ಏಕೆ?” ಎಂದು ಕೇಳಿದಾಗ ನಕ್ಕು ತಳ್ಳಿಬಿಡಬಾರದು. ಅವರು ಕಥೆಯನ್ನು ಹಳಿಯುತ್ತಿಲ್ಲ. ಕಿತ್ತುಹೋದ ಪುಟದ ಸ್ಥಾನವನ್ನು ಬೆರಳಿಟ್ಟು ತೋರಿಸುತ್ತಿದ್ದಾರೆ. ಆ ಪುಟವು ಮೂಲಗ್ರಂಥದಲ್ಲಿ ದೊರೆಯುವುದಾದರೆ ಅದನ್ನು ಕಪಾಟಿನಿಂದ ಇಳಿಸಿ ಅವರ ಮುಂದೆ ಇಡುವುದೇ ಹಿರಿಯರ ಕೆಲಸ. ಗರುಡಪಕ್ಷಿಗಳ ವಿಷಯವನ್ನು ಎರಡು ಮಾತುಗಳಲ್ಲಿ ಮುಗಿಸಬಹುದು. ಎತ್ತಿದ ಕತ್ತಿಯನ್ನು ಆ ತೋಟದ ಮಾಲಿಯು ಏಕೆ ಇಳಿಸಿದನೆಂಬುದಕ್ಕೆ ಮಾತ್ರ ಹೆಚ್ಚು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತನ್ನು ಕೊಡುವುದು ಒಳ್ಳೆಯದು.