ಕಬ್ಬಿನ ಸೀಮೆಯ ಕಂಪು

ಕೃಷ್ಣೆಯನ್ನು ದಾಟಿ ಜಮಖಂಡಿಯತ್ತ ಸಾಗುವ ಪ್ರಯಾಣಿಕನಿಗೆ, ಊರು ಕಣ್ಣಿಗೆ ಬೀಳುವ ಮುನ್ನವೇ ಆ ಸೀಮೆಯ ಪರಿಚಯವು ಮೂಗಿನ ಮೂಲಕ ಆಗುತ್ತದೆ. ಕಬ್ಬು ಅರೆಯುವ ಚಳಿಗಾಲದ ತಿಂಗಳುಗಳಲ್ಲಿ, ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಸಿಹಿಗಂಪು ಗಾಳಿಯೊಡನೆ ಹೊಲದಿಂದ ಹೊಲಕ್ಕೆ ಹರಿಯುತ್ತದೆ. ಘಟಪ್ರಭೆಯ ತಟದ ಮುಧೋಳ, ಬೆಲ್ಲದ ಪೇಟೆಯೆಂದು ಹೆಸರಾದ ಮಹಾಲಿಂಗಪುರ, ಜೋಡಿನಗರವಾದ ರಬಕವಿ-ಬನಹಟ್ಟಿ, ಇತ್ತ ಬೀಳಗಿ, ಇವೆಲ್ಲವೂ ಈ ಕಂಪಿನ ನೆರೆಹೊರೆಯಲ್ಲಿಯೇ ಬಾಳುವ ಊರುಗಳು. 1948ರವರೆಗೆ ಜಮಖಂಡಿಯು ಪಟವರ್ಧನರ, ಮುಧೋಳವು ಘೋರ್ಪಡೆಯವರ ಸಂಸ್ಥಾನವಾಗಿದ್ದವು. 1997ರಿಂದ ಈ ಪ್ರದೇಶವೆಲ್ಲ ಬಾಗಲಕೋಟೆ ಜಿಲ್ಲೆಗೆ ಸೇರಿದೆ.

ಈ ಊರುಗಳ ಪೇಟೆಯಲ್ಲಿ ಬಳೆಯಂಗಡಿಗೆ ಒಂದು ಗೌರವದ ಸ್ಥಾನವುಂಟು. ಅದಕ್ಕೆ ಕಾರಣವೂ ಹಳೆಯದೇ. ಕವಿಚಕ್ರವರ್ತಿ ರನ್ನನು ಹುಟ್ಟಿದ್ದು ಮುಧೋಳದಲ್ಲಿ, 949ರಲ್ಲಿ. ಅವನದು ಬಳೆಗಾರರ ಮನೆತನ. ಹೆಣ್ಣುಮಕ್ಕಳ ಸಿಂಗಾರದ ಸರಕನ್ನು ಹೊತ್ತು ಮಾರಿದ ಕುಲದಿಂದಲೇ ಗದೆಗಳ ಸೆಣಸಾಟವನ್ನು ಹಾಡಿದ ಮಹಾಕವಿ ಬಂದನು! ಇಂದಿನ ಬಳೆಯಂಗಡಿಯ ಗಾಜಿನ ಕಪಾಟಿನಲ್ಲಿ ಹಸಿರು ಗಾಜಿನ ಬಳೆಗಳ ಪಕ್ಕದಲ್ಲಿಯೇ ಗುಲಾಬಿ ಬಣ್ಣದ ಸೆಂಟಿನ ಸೀಸೆಗಳು ಸಾಲುಗಟ್ಟಿ ನಿಂತಿರುತ್ತವೆ. ಹೊದಿಕೆಯ ಮೇಲೆ ಹೂವಿನ ಜೊತೆಗೆ ಹಣ್ಣಿನ ಚಿತ್ರ. ಕಾಲೇಜಿಗೆ ಹೋಗುವ ಹುಡುಗಿಯರು ಅವನ್ನು ಮಣಿಕಟ್ಟಿಗೆ ಸಿಂಪಡಿಸಿಕೊಂಡು, ಒಬ್ಬರ ಕೈಯನ್ನೊಬ್ಬರು ಮೂಸಿ ನೋಡಿ, ನಕ್ಕು, ಬೆಲೆಯನ್ನು ಕೇಳುತ್ತಾರೆ. ಹಿರಿಯರ ಕಣ್ಣಿಗೆ ಇದು ಪರದೇಶದ ಷೋಕಿ. ಆದರೆ ಈ ತೀರ್ಪು ಸ್ವಲ್ಪ ಅವಸರದ್ದು.

ಹೂವಿನ ಪರಿಮಳವನ್ನು ಬಟ್ಟಿಯಿಳಿಸಿ ಹಿಡಿಯಬಹುದು. ಸೇಬು, ಪೀಚ್ ಮೊದಲಾದ ಹಣ್ಣುಗಳ ಕಂಪು ಹಾಗೆ ಸುಲಭವಾಗಿ ಕೈಗೆ ಸಿಕ್ಕುವುದಿಲ್ಲ. ಅದನ್ನು ರಸಾಯನಶಾಲೆಯಲ್ಲಿ ಕಟ್ಟಬೇಕು. 1919ರಲ್ಲಿ ಪ್ಯಾರಿಸಿನಲ್ಲಿ ಹೊರಬಂದ 'ಮಿತ್ಸುಕೊ' ಎಂಬ ಪರಿಮಳದಲ್ಲಿ ಹೀಗೆ ಕಟ್ಟಿದ ಪೀಚ್ ಹಣ್ಣಿನ ಕಂಪು ಹೂವುಗಳೊಡನೆ ಬೆರೆತು ಪ್ರಸಿದ್ಧವಾಯಿತು. ಆದರೂ ಹೂವಿಗೂ ಹಣ್ಣಿಗೂ ನಿಸರ್ಗವೇ ನಂಟನ್ನು ಇಟ್ಟಿದೆ. ಮಲ್ಲಿಗೆಯ ಕಂಪಿನ ಒಂದು ಮುಖ್ಯ ಅಂಶವಾದ ಬೆಂಜೈಲ್ ಅಸಿಟೇಟಿಗೆ ಹಣ್ಣಿನ ವಾಸನೆಯೇ ಇದೆ. ಅರಳಿದ ಸಂಪಿಗೆಯನ್ನು ಮೂಸಿದವರಿಗೆ ಮಾಗಿದ ಹಣ್ಣಿನ ನೆನಪು ಬಾರದಿರದು. ಚೈತ್ರದ ದವನದ ಹುಣ್ಣಿಮೆಗೆ ದೇವರಿಗೆ ಏರಿಸುವ ದವನದ ಮಾತೂ ಹಾಗೆಯೇ: ಅದರ ಎಣ್ಣೆಯ ಹಣ್ಣಿನಂಥ ಮಾಧುರ್ಯಕ್ಕಾಗಿ ಹೊರದೇಶದ ಪರಿಮಳಕಾರರು ಅದನ್ನು ದಕ್ಷಿಣ ಭಾರತದಿಂದ ತರಿಸಿಕೊಳ್ಳುತ್ತಾರೆ.

ಕನ್ನಡಿಗರಿಗೆ ಈ ವಿದ್ಯೆಯೂ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯನು ಬರೆದ 'ಲೋಕೋಪಕಾರ'ದಲ್ಲಿ ಮನೆ ಕಟ್ಟುವುದು, ನೀರು ಹುಡುಕುವುದು, ಅಡುಗೆ, ಮದ್ದು ಇವುಗಳ ಜೊತೆಗೆ ಸುಗಂಧಗಳ ತಯಾರಿಕೆಗೂ ಒಂದು ಅಧ್ಯಾಯ ಮೀಸಲಾಗಿದೆ. ಮುಂದಿನ ಶತಮಾನದಲ್ಲಿ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವು ಸ್ನಾನ, ಲೇಪನ, ಧೂಪಗಳನ್ನು ರಾಜಭೋಗಗಳ ಸಾಲಿನಲ್ಲಿ ವರ್ಣಿಸಿತು. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸತಕ್ಕದ್ದು. ಸಂಸ್ಕೃತದ ಗ್ರಂಥವು ಅರಸನ ಭೋಗವನ್ನು ಹೇಳಿದರೆ, ಕನ್ನಡದ ಗ್ರಂಥವು ಹೆಸರೇ ಸಾರುವಂತೆ ಲೋಕದ ಉಪಕಾರವನ್ನು ಬಯಸಿತು.

ಇನ್ನು ಸೀಸೆಯೊಳಗಿನ ಮಾತು. ಇಂದಿನ ಸೆಂಟಿನಲ್ಲಿ ಪರಿಮಳದ ಎಣ್ಣೆಯ ಅಂಶ ಅಲ್ಪ, ಬಹುಪಾಲು ಮದ್ಯಸಾರ. ಈ ಮದ್ಯಸಾರ ಹುಟ್ಟುವ ಮೂಲಗಳಲ್ಲಿ ಕಬ್ಬಿನ ಕಾಕಂಬಿಯೂ ಒಂದು. ಈ ಸೀಮೆಯ ಸಮೀರವಾಡಿಯ ಕಾರ್ಖಾನೆಯಲ್ಲಿ ಸಕ್ಕರೆಯಷ್ಟೇ ಅಲ್ಲದೆ ಮದ್ಯಸಾರವೂ ತಯಾರಾಗುತ್ತದೆ. ಮದ್ಯಸಾರವನ್ನು ಬಟ್ಟಿಯಿಳಿಸುವಾಗ ಬೇರ್ಪಡುವ ಫ್ಯೂಸೆಲ್ ಎಣ್ಣೆಯೆಂಬ ಶೇಷದಿಂದ ಅಮೈಲ್ ಮದ್ಯಸಾರ ದೊರೆಯುತ್ತದೆ. ಅದನ್ನು ಅಸಿಟಿಕ್ ಆಮ್ಲದೊಡನೆ ಕೂಡಿಸಿದರೆ ಬಾಳೆಹಣ್ಣಿನ ಕಂಪು! ಬಳೆಯಂಗಡಿಯ ಆ ಸೀಸೆ ಯಾವ ಊರಿನಿಂದಲೇ ಬಂದಿರಲಿ, ಅದರ ಕುಲಗೋತ್ರವನ್ನು ವಿಚಾರಿಸಿದರೆ ಕಬ್ಬಿನ ಹೊಲವು ದೂರದ ನೆಂಟನಾಗಿ ಕಾಣಿಸಿಕೊಳ್ಳುವುದು ಅಸಂಭವವಲ್ಲ. ಕಬ್ಬು ಕಡಿದವರ ಮಗಳು ಅದಕ್ಕೆ ಹಣ ತೆತ್ತು ಕೊಳ್ಳುತ್ತಾಳೆ, ಅಷ್ಟೇ.

ಅವಳೇಕೆ ಹೂವನ್ನು ಬಿಟ್ಟು ಸೀಸೆಯನ್ನು ಕೊಳ್ಳುತ್ತಾಳೆ? ಈ ಪ್ರಶ್ನೆಗೆ ಬೀಳಗಿಯ ಸುತ್ತಮುತ್ತ ಒಂದು ಉತ್ತರವಿದೆ. ಅರೆತ್ತಿನ ಬಾವಿಯಿಂದ ಹೆಸರಾದ ಆ ತಾಲೂಕಿನಲ್ಲಿ ಆಲಮಟ್ಟಿಯ ಹಿನ್ನೀರು ಹಲವು ಊರುಗಳನ್ನು ನುಂಗಿತು. ಜನರು ಪುನರ್ವಸತಿ ಕೇಂದ್ರಗಳಿಗೆ ನಡೆದರು. ಪಾತ್ರೆ ಪದಾರ್ಥಗಳನ್ನು ಗಾಡಿಗೆ ಏರಿಸಬಹುದು, ಹಿತ್ತಿಲ ಸಂಪಿಗೆಯ ಮರವನ್ನು ಏರಿಸಲಾಗದು. ಹೊಸ ಸಸಿಯು ಹೂ ಬಿಡಲು ವರ್ಷಗಳು ಬೇಕು. ಹುಡುಗಿಯ ಹರೆಯ ಅಷ್ಟು ಕಾಲ ಕಾಯುವುದಿಲ್ಲ.

ಎರಡನೆಯ ಉತ್ತರ ಇನ್ನೂ ಆಳವಾದದ್ದು. ಹೂವಿಗೆ ನಮ್ಮ ಸಮಾಜವು ಕಟ್ಟಳೆಗಳನ್ನು ಕಟ್ಟಿತ್ತು. ಮುತ್ತೈದೆಯ ಮುಡಿಗೆ ಹೂವು ಮಂಗಳವಾದರೆ, ಗಂಡನನ್ನು ಕಳೆದುಕೊಂಡವಳ ಮುಡಿಯಿಂದ ಅದನ್ನು ಕಿತ್ತುಕೊಂಡರು. ಹೂವಿನ ಜೊತೆಗೆ ಕಂಪೂ ಅವಳಿಂದ ದೂರವಾಯಿತು. ಸೀಸೆಯು ಯಾರನ್ನೂ ಹೀಗೆ ವಿಚಾರಿಸುವುದಿಲ್ಲ. ಮದುವೆಯಾಯಿತೆ, ಇಲ್ಲವೆ, ಗಂಡನಿರುವನೆ ಎಂಬ ಯಾವ ಪ್ರಶ್ನೆಗೂ ಉತ್ತರ ಹೇಳದೆ ಹೆಣ್ಣು ಅದನ್ನು ತನ್ನದಾಗಿ ಮಾಡಿಕೊಳ್ಳಬಹುದು.

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಗ್ಗಗಳ ಸದ್ದು ಕೇಳುತ್ತಲೇ ಇರುತ್ತದೆ. ಅಲ್ಲಿ ಸಿದ್ಧವಾಗುವ ಸೀರೆಗಳು ಊರೂರಿಗೆ ಹೋಗುತ್ತವೆ. ಲಾಳಿಗೆ ಕಂಡಿಕೆ ಸುತ್ತಿ ದುಡಿದವಳು ಸಂಜೆ ಕೈ ತೊಳೆದು, ಕೈಯಲ್ಲಿದ್ದ ಹಣದಲ್ಲಿ ಒಂದು ಸಣ್ಣ ಸೀಸೆಯನ್ನು ಕೊಂಡರೆ ಅದನ್ನು ದುಂದೆನ್ನುವವರಿದ್ದಾರೆ. ಸೀರೆಯನ್ನು ಲೋಕಕ್ಕೆ ಕೊಡುವವಳು ತನಗಾಗಿ ಇಟ್ಟುಕೊಳ್ಳುವುದು ಆ ಹನಿ ಕಂಪನ್ನು ಮಾತ್ರ. ಅದರಲ್ಲಿ ಹಣ್ಣಿನ ಸಿಹಿ ಇರಲಿ, ಹೂವಿನ ನೆನಪಿರಲಿ. ಅದು ಅವಳ ದುಡಿಮೆಯ ಕಂಪು.