ಜಾಮೀನು ನಿಂತವನ ಖಾತೆ

ಸಾಲ ಪಡೆಯುವವನ ಕಿರ್ದಿ ಖಾತಾವಣಿಗಳನ್ನು ನೋಡದೆ ಜಾಮೀನು ಪತ್ರಕ್ಕೆ ಸಹಿ ಹಾಕುವುದು ವರ್ತಕನ ಲಕ್ಷಣವಲ್ಲ. ಬೀದರಿನ ಗಾಂಧಿಗಂಜಿನಲ್ಲಿ ಅಡತ್ತಿ ವ್ಯಾಪಾರ ನಡೆಸಿದ ಹಿರಿಯರು ಮಕ್ಕಳಿಗೆ ತಕ್ಕಡಿ ಹಿಡಿಯುವುದನ್ನು ಕಲಿಸುವ ಮುನ್ನವೇ ಈ ಮಾತನ್ನು ಹೇಳಿಕೊಡುತ್ತಾರೆ. ಲಾಭ ಬಂದಾಗ ಜಾಮೀನುದಾರನಿಗೆ ಅದರಲ್ಲಿ ಪಾಲಿಲ್ಲ. ನಷ್ಟವಾದಾಗ ಸಾಲ ಕೊಟ್ಟವನು ಮೊದಲು ಅವನ ಬಾಗಿಲಿಗೇ ಬರುತ್ತಾನೆ. ಇಷ್ಟು ಎಚ್ಚರವುಳ್ಳ ವರ್ತಕನು ಸಂಜೆ ಅಂಗಡಿ ಮುಚ್ಚಿ ಚಿದ್ರಿಯ ಮನೆಗೆ ಮರಳಿ, ಬಾಗಿಲ ಸಂದಿನಲ್ಲಿ ಸಿಕ್ಕಿಸಿರುವ ಜೆಸ್ಕಾಂ ಬಿಲ್ಲನ್ನು ಕೈಗೆತ್ತಿಕೊಂಡಾಗ ಮಾತ್ರ ಕೊನೆಯ ಸಾಲಿನ ಮೊತ್ತವೊಂದನ್ನೇ ನೋಡಿ ಉಳಿದುದನ್ನು ಮಡಿಸಿಡುತ್ತಾನೆ. ತಾನು ಎಷ್ಟು ಜನರಿಗೆ ಜಾಮೀನು ನಿಂತಿದ್ದೇನೆಂಬುದು ಆ ಮಡಿಕೆಯೊಳಗೇ ಉಳಿದುಹೋಗುತ್ತದೆ.

ಬಿಲ್ಲಿನಲ್ಲಿ ನಿಗದಿತ ಶುಲ್ಕವೆಂಬ ಒಂದು ಬಾಬಿದೆ. ಒಂದು ದೀಪವನ್ನೂ ಉರಿಸದಿದ್ದರೂ ಅದನ್ನು ತೆರಲೇಬೇಕು. ಇದರಲ್ಲಿ ಸ್ವತಃ ಅನ್ಯಾಯವೇನೂ ಇಲ್ಲ. ಗೋದಾಮು ಖಾಲಿಯಿದ್ದರೂ ಅದರ ಬಾಡಿಗೆ ನಿಲ್ಲುವುದಿಲ್ಲವೆಂಬುದು ವ್ಯಾಪಾರಿಗೆ ತಿಳಿಯದ ವಿಷಯವಲ್ಲ. ವಿದ್ಯುತ್ ಕಂಪನಿಯೂ ಹಾಗೆಯೇ, ತಾನು ಯಾವ ಉತ್ಪಾದಕರಿಂದ ವಿದ್ಯುತ್ತನ್ನು ಕೊಳ್ಳಲು ಒಪ್ಪಿದೆಯೋ ಅವರ ಸ್ಥಾವರದ ಸ್ಥಿರ ವೆಚ್ಚವನ್ನು ಕೊಂಡರೂ ಕೊಳ್ಳದಿದ್ದರೂ ತೆರಬೇಕಾಗುತ್ತದೆ. ಅದನ್ನು ಗ್ರಾಹಕರಿಂದ ವಸೂಲು ಮಾಡುತ್ತದೆ. ಪ್ರಶ್ನೆ ಇರುವುದು ಬಾಡಿಗೆ ಕೊಡುವುದರಲ್ಲಲ್ಲ. ಆ ಗೋದಾಮನ್ನು ಯಾರು, ಯಾವ ಕರಾರಿನ ಮೇಲೆ, ಯಾರನ್ನು ಕೇಳಿ ಹಿಡಿದರು ಎಂಬುದರಲ್ಲಿ.

ಈ ನಾಡಿನಲ್ಲಿ ವಿದ್ಯುತ್ತಿನ ಕರಾರುಗಳ ಚರಿತ್ರೆ ಶಿವನಸಮುದ್ರದಿಂದ ಆರಂಭವಾಗುತ್ತದೆ. 1902ರ ಜೂನ್ ತಿಂಗಳಲ್ಲಿ ಅಲ್ಲಿಯ ಜಲವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆ ಕಾಲಕ್ಕೆ ಅದು ಜಗತ್ತೇ ತಿರುಗಿ ನೋಡಿದ ಸಾಹಸ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಕೈಗೊಂಡ ಯೋಜನೆಯಿದು. ಅವರು 1901ರಲ್ಲಿಯೇ ತೀರಿಕೊಂಡದ್ದರಿಂದ ಗಣಿಯ ದೀಪವನ್ನು ಕಾಣುವ ಭಾಗ್ಯ ಅವರಿಗೆ ಲಭಿಸಲಿಲ್ಲ. ಟರ್ಬೈನುಗಳನ್ನು ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿಯೂ ವಿದ್ಯುತ್ ಯಂತ್ರಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯೂ ಒದಗಿಸಿದುವು. ಮೊದಲ ವಿದ್ಯುತ್ತು ಪ್ರಜೆಗಳ ಮನೆಗೆ ಬರಲಿಲ್ಲ. ಇಂಗ್ಲಿಷರ ಗಣಿ ಕಂಪನಿಗಳಿಗೆ ಹೋಯಿತು. ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದುದು 1905ರಲ್ಲಿ. ಇದನ್ನು ಟೀಕಿಸುವವರಿದ್ದಾರೆ, ಅವರ ಟೀಕೆಯಲ್ಲಿ ಹುರುಳೂ ಇದೆ. ಆದರೆ ವರ್ತಕನ ಕಣ್ಣಿನಿಂದ ನೋಡಿದಾಗ ಆ ಕರಾರಿನಲ್ಲಿ ಒಂದು ಗಟ್ಟಿತನವಿತ್ತು. ಸ್ಥಾವರ ಸಂಸ್ಥಾನದ ಸ್ವತ್ತು. ಯಂತ್ರ ಕೊಟ್ಟವನು ಬೆಲೆ ಪಡೆದು ಹೊರಟುಹೋದ. ಗಣಿ ಕಂಪನಿಗಳು ಗಿರಾಕಿಗಳು, ಮತ್ತು ಅವುಗಳೊಡನೆ ಖರೀದಿಯ ಒಪ್ಪಂದ ಮೊದಲೇ ಆಗಿತ್ತು. ಸಾರ್ವಜನಿಕರ ಹಣ ಹೂಡಿದ ಕಡೆಯಲ್ಲಿಯೇ ಒಡೆತನವೂ ಇತ್ತು.

ತೊಂಬತ್ತು ವರ್ಷಗಳ ಅನಂತರ ತಂತಿಯ ಎರಡು ತುದಿಗಳೂ ಅದಲುಬದಲಾದುವು. 1991ರಲ್ಲಿ ದೇಶದ ಬೊಕ್ಕಸ ಬರಿದಾಗಿತ್ತು, ರಾಜ್ಯಗಳ ವಿದ್ಯುತ್ ಮಂಡಳಿಗಳು ನಷ್ಟದಲ್ಲಿ ಮುಳುಗಿದ್ದುವು. ಲೋಡ್ ಶೆಡ್ಡಿಂಗಿನ ಕತ್ತಲೆಯಲ್ಲಿ ಹಿಟ್ಟಿನ ಗಿರಣಿಯ ಮುಂದೆ ಡಬ್ಬಿಗಳನ್ನು ಸಾಲಾಗಿಟ್ಟು ಕಾದವರಿಗೆ ಆ ದಿನಗಳ ನೆನಪು ಮಾಸಿರಲಾರದು. ವಿದ್ಯುತ್ ಉತ್ಪಾದನೆಯನ್ನು ಖಾಸಗಿಯವರಿಗೂ ವಿದೇಶಿಯರಿಗೂ ತೆರೆಯಲಾಯಿತು. ಹೂಡಿದ ಸ್ವಂತ ಬಂಡವಾಳಕ್ಕೆ ತೆರಿಗೆ ಕಳೆದು ಶೇ. 16 ಪ್ರತಿಫಲ, ಅದೂ ಸ್ಥಾವರ ತನ್ನ ಸಾಮರ್ಥ್ಯದ ಶೇ. 68.5ರಷ್ಟು ನಡೆದರೆ ಸಾಕು, ಅದಕ್ಕಿಂತ ಹೆಚ್ಚು ನಡೆದರೆ ಮೇಲೆ ಪ್ರೋತ್ಸಾಹಧನ. ಗಂಜಿನ ಯಾವ ತೊಗರಿ ವ್ಯಾಪಾರಿಗೂ ಸರಕಾರದ ಅಧಿಸೂಚನೆಯು ಲಾಭದ ಪ್ರಮಾಣವನ್ನು ಹೀಗೆ ಬರೆದುಕೊಟ್ಟ ಉದಾಹರಣೆಯಿಲ್ಲ. ಇಷ್ಟಾದರೂ ಬಂದವರು ತೃಪ್ತರಾಗಲಿಲ್ಲ. ನಷ್ಟದಲ್ಲಿರುವ ಮಂಡಳಿ ಹಣ ಕೊಡುವುದೆಂಬ ನಂಬಿಕೆ ಏನು ಎಂದು ಕೇಳಿದರು. ಆ ಸಂದೇಹ ನ್ಯಾಯವಾದುದೇ. ಮಂಡಳಿಗೆ ರಾಜ್ಯ ಸರಕಾರ ಜಾಮೀನಾಯಿತು. ರಾಜ್ಯಕ್ಕೆ ಕೇಂದ್ರ ಸರಕಾರ ಪ್ರತಿ ಜಾಮೀನು ನಿಲ್ಲುವುದೆಂದಾಯಿತು. ಇಂತಹ ಪ್ರತಿ ಖಾತರಿಗೆ ಆಯ್ಕೆಯಾದ ಎಂಟು ‘ತ್ವರಿತ’ ಯೋಜನೆಗಳಲ್ಲಿ ಒಂದು ಮಹಾರಾಷ್ಟ್ರದ ದಾಭೋಳ, ಇನ್ನೊಂದು ಮಂಗಳೂರಿನ ಕೊಜೆಂಟ್ರಿಕ್ಸ್.

ಭಾಲ್ಕಿ ಔರಾದಗಳಿಂದ ಉದಗೀರ, ಲಾತೂರುಗಳಿಗೆ ಹೆಣ್ಣು ಕೊಟ್ಟು ತಂದ ಕುಟುಂಬಗಳಿಗೆ ದಾಭೋಳದ ಕಥೆ ಅಪರಿಚಿತವಲ್ಲ. ಆ ಬಂಧುಗಳ ಮನೆಗೆ ಬೆಳಕು ಕೊಡುತ್ತಿದ್ದ ಮಂಡಳಿಯೇ ಅದರ ಗಿರಾಕಿ. ರತ್ನಾಗಿರಿ ಜಿಲ್ಲೆಯ ಕಡಲತೀರದಲ್ಲಿ ಅಮೆರಿಕದ ಎನ್ರಾನ್ ಕಂಪನಿ ಸ್ಥಾವರ ಕಟ್ಟಲು ಮುಂದೆ ಬಂದಾಗ, ಶಿವನಸಮುದ್ರಕ್ಕೆ ಯಂತ್ರ ಮಾರಿದ್ದ ಅದೇ ಜನರಲ್ ಎಲೆಕ್ಟ್ರಿಕ್ ಈ ಸಲ ಶೇ. 10ರ ಪಾಲುದಾರನಾಗಿ ಬಂದಿತು. ಈ ಯೋಜನೆ ಆರ್ಥಿಕವಾಗಿ ಹಿತಕರವಲ್ಲವೆಂದು ವಿಶ್ವಬ್ಯಾಂಕು 1993ರಲ್ಲಿಯೇ ಹಣ ಕೊಡಲು ನಿರಾಕರಿಸಿತ್ತು. ಆದರೂ ಅದೇ ವರ್ಷದ ಡಿಸೆಂಬರಿನಲ್ಲಿ ಒಪ್ಪಂದವಾಯಿತು. ವಿದ್ಯುತ್ತನ್ನು ಪಡೆಯಲಿ ಬಿಡಲಿ ಸ್ಥಿರ ವೆಚ್ಚವನ್ನು ತೆರಬೇಕು. ದರದ ಬಹುಪಾಲು ಡಾಲರಿನ ಲೆಕ್ಕದಲ್ಲಿರಬೇಕು. 1993ರಲ್ಲಿ ಸುಮಾರು 31 ರೂಪಾಯಿ ಇದ್ದ ಡಾಲರು 2001ರ ಹೊತ್ತಿಗೆ 47 ರೂಪಾಯಿ ಮುಟ್ಟಿತು. ಒಪ್ಪಂದ ಬರೆದವರಲ್ಲಿ ಯಾರೂ ಈ ವ್ಯತ್ಯಾಸವನ್ನು ತಮ್ಮ ಕೈಯಿಂದ ತೆರಬೇಕಾಗಿರಲಿಲ್ಲ. 1995ರಲ್ಲಿ ಹೊಸ ಸರಕಾರ ಒಪ್ಪಂದವನ್ನು ರದ್ದುಗೊಳಿಸಿ, ಮರುವರ್ಷ ಮತ್ತೆ ಮಾತುಕತೆಯಾಡಿ ಇನ್ನೂ ದೊಡ್ಡ ಯೋಜನೆಗೆ ಸಮ್ಮತಿಸಿತು. 1999ರಲ್ಲಿ 740 ಮೆಗಾವ್ಯಾಟಿನ ಮೊದಲ ಹಂತ ಆರಂಭವಾಯಿತು. 2001ರಲ್ಲಿ ಮಂಡಳಿ ದರ ತಾಳಲಾರದೆ ಖರೀದಿಯನ್ನೇ ನಿಲ್ಲಿಸಿತು. ನಿವೃತ್ತ ಅಧಿಕಾರಿ ಮಾಧವ ಗೋಡಬೋಲೆಯವರ ಸಮಿತಿ ಆ ವರ್ಷ ಇಡೀ ವ್ಯವಹಾರವನ್ನು ಪರಿಶೀಲಿಸಿ ಕಟುವಾದ ವರದಿ ಕೊಟ್ಟಿತು. ಅದೇ ಡಿಸೆಂಬರಿನಲ್ಲಿ ಎನ್ರಾನ್ ತನ್ನ ನಾಡಿನಲ್ಲಿಯೇ ದಿವಾಳಿಯೆದ್ದಿತು.

ಆಮೇಲೆ ಉಳಿದದ್ದು ಸಾಲ. ಕೊಟ್ಟವರಲ್ಲಿ ಐಡಿಬಿಐ, ಸ್ಟೇಟ್ ಬ್ಯಾಂಕ್ ಮೊದಲಾದ ದೇಶೀ ಸಂಸ್ಥೆಗಳಿದ್ದುವು. ಸ್ಥಾವರವನ್ನು ಮತ್ತೆ ನಡೆಯಿಸಲು 2005ರಲ್ಲಿ ಎನ್‌ಟಿಪಿಸಿ ಮತ್ತು ಗೇಲ್ ಎಂಬ ಎರಡು ಸರಕಾರಿ ಕಂಪನಿಗಳನ್ನು ಮುಂದಿಟ್ಟು ಹೊಸ ಕಂಪನಿ ಮಾಡಬೇಕಾಯಿತು. ಇಲ್ಲಿ ಬಸದಿಗಳ ಟ್ರಸ್ಟುಗಳು ಕ್ಷಣಕಾಲ ನಿಂತು ಯೋಚಿಸಬೇಕು. ಅಭಿಷೇಕದ ಕಾಣಿಕೆ, ಆಹಾರದಾನದ ನಿಧಿ, ಜೀರ್ಣೋದ್ಧಾರಕ್ಕೆಂದು ಹತ್ತಾರು ವರ್ಷ ಕೂಡಿಟ್ಟ ಹಣ ಎಲ್ಲವೂ ರಾಷ್ಟ್ರೀಕೃತ ಬ್ಯಾಂಕಿನ ಮುದ್ದತಿನ ಠೇವಣಿಯಲ್ಲಿರುತ್ತದೆ. ಠೇವಣಿ ಸುರಕ್ಷಿತವೇ. ಆದರೆ ಬ್ಯಾಂಕು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದಿಲ್ಲ. ಬ್ಯಾಂಕಿನ ನಷ್ಟವನ್ನು ತುಂಬಲು ಸರಕಾರ ಬಂಡವಾಳ ಕೊಟ್ಟಾಗ, ಅದು ಠೇವಣಿದಾರನ ಬಲಗೈಯಿಂದ ತೆರಿಗೆ ತೆಗೆದು ಎಡಗೈಗೆ ಬಡ್ಡಿ ಕೊಟ್ಟಂತೆ ಆಗುತ್ತದೆ.

ಕೊಜೆಂಟ್ರಿಕ್ಸ್ ಪ್ರಕರಣ ಬೇರೆ ರೀತಿಯಲ್ಲಿ ಮುಗಿಯಿತು. ಪಡುಬಿದ್ರಿಯ ಸಮೀಪದ ನಂದಿಕೂರಿನಲ್ಲಿ ಆಮದು ಕಲ್ಲಿದ್ದಲಿನಿಂದ ಸುಮಾರು 1,000 ಮೆಗಾವ್ಯಾಟ್ ಉತ್ಪಾದಿಸುವ ಯೋಜನೆಯದು. ರೈತರು, ಮೀನುಗಾರರು, ಪರಿಸರವಾದಿಗಳು ವಿರೋಧಿಸಿದರು. ನ್ಯಾಯಾಲಯಗಳಲ್ಲಿ ವ್ಯಾಜ್ಯ ನಡೆಯಿತು. ಅನುಮತಿಗಳ ವಿಳಂಬದಿಂದ ಬೇಸತ್ತು ಕಂಪನಿ 1999ರ ಡಿಸೆಂಬರಿನಲ್ಲಿ ಹಿಂದೆ ಸರಿಯಿತು. ರಾಜ್ಯಕ್ಕೆ ಬಂದ ವಿದೇಶಿ ಬಂಡವಾಳ ಕೈತಪ್ಪಿತೆಂದು ಅಂದು ಮರುಗಿದವರು ಬಹಳ. ಎರಡೇ ವರ್ಷಗಳಲ್ಲಿ ದಾಭೋಳದ ಗತಿ ಕಂಡ ಮೇಲೆ ಆ ಮರುಕ ಕಡಿಮೆಯಾಗಿರಬೇಕು. ಆದರೂ ಆ ಕಡಲತೀರ ಹೊಗೆಯಿಂದ ಪಾರಾಗಲಿಲ್ಲ. ಅದೇ ಪ್ರದೇಶದಲ್ಲಿ ಮತ್ತೊಂದು ಕಂಪನಿ 1,200 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರವನ್ನು ಕಟ್ಟಿ 2010ರಿಂದ 2012ರೊಳಗೆ ಎರಡು ಘಟಕಗಳನ್ನು ಆರಂಭಿಸಿತು. 2015ರಲ್ಲಿ ಅದು ಅದಾನಿ ಸಮೂಹದ ಕೈ ಸೇರಿತು. ಗೆದ್ದ ಚಳವಳಿಯ ಫಲ ಎಷ್ಟು ಕಾಲ ಬಾಳುತ್ತದೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ಬೇಡ.

ಇಷ್ಟನ್ನು ಓದಿ, ಎಲ್ಲವೂ ಸರಕಾರದ ಅಥವಾ ಸಹಕಾರದ ಕೈಯಲ್ಲಿದ್ದರೆ ಸಾಕೆಂದು ತೀರ್ಮಾನಿಸುವುದು ಅವಸರವಾದೀತು. ಬೀದರ್ ಜಿಲ್ಲೆಯ ಜನಕ್ಕೆ ಸಕ್ಕರೆ ಕಾರ್ಖಾನೆಗಳ ಅನುಭವವಿದೆ. ಹಳ್ಳಿಖೇಡದ ಸಹಕಾರಿ ಕಾರ್ಖಾನೆಯ ಒಡೆಯರು ರೈತರೇ; ಷೇರು ಅವರದೇ, ಕಬ್ಬು ಅವರದೇ. ಆ ಕಾರ್ಖಾನೆಯೂ ಹಂಗಾಮುಗಳ ಕಾಲ ಕಬ್ಬು ನುರಿಸದೆ ನಿಂತಿದ್ದುಂಟು. ಒಡೆತನ ಕಾಗದದ ಮೇಲಿದ್ದು ಲೆಕ್ಕ ನೋಡುವ ಕಣ್ಣು ಇಲ್ಲವಾದರೆ ಷೇರುದಾರನೂ ಜಾಮೀನುದಾರನೂ ಒಂದೇ ಪಂಕ್ತಿಯಲ್ಲಿ ಕುಳಿತು ನಷ್ಟವನ್ನುಣ್ಣುತ್ತಾರೆ. ಕೃಷಿ ಪಂಪ್‌ಸೆಟ್‌ಗಳ ಸಂಗತಿಯೂ ಹೀಗೆಯೇ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ತು ಕೊಡುವುದು ಸರಿಯೋ ತಪ್ಪೋ ಎಂಬ ವಾದ ಬೇರೆ. ಒಣಬೇಸಾಯದ ನಾಡಿನಲ್ಲಿ ಅದನ್ನು ತಪ್ಪೆನ್ನಲು ಮನಸ್ಸು ಬಾರದು. ಆದರೆ ಅವುಗಳಲ್ಲಿ ಬಹುಪಾಲಿಗೆ ಮೀಟರೇ ಇಲ್ಲ. ಎಷ್ಟು ಹೋಯಿತೆಂಬುದು ಅಂದಾಜು, ಸರಕಾರ ಕೊಡುವ ಸಹಾಯಧನ ಆ ಅಂದಾಜಿನ ಮೇಲೆ, ತಂತಿಯಲ್ಲಿ ಸೋರಿದ್ದೂ ಕದ್ದದ್ದೂ ಆ ಅಂದಾಜಿನ ಮರೆಯಲ್ಲಿ. ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಅಳತೆಯೇ ಇಲ್ಲದ ಮಾರಾಟವನ್ನು ಎಲ್ಲಿ ಸೇರಿಸಬೇಕೆಂಬುದನ್ನು ವಿದ್ವಾಂಸರೇ ನಿರ್ಣಯಿಸಬೇಕು.

ಒಂದು ಒಳ್ಳೆಯ ಬದಲಾವಣೆಯನ್ನು ಒಪ್ಪಲೇಬೇಕು. 1999ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸ್ಥಾಪನೆಯಾದ ಮೇಲೆ, ಜೆಸ್ಕಾಂ ದರ ಏರಿಸಬೇಕಾದರೆ ಅರ್ಜಿ ಸಲ್ಲಿಸಬೇಕು, ಅದರ ಸಾರಾಂಶ ಪತ್ರಿಕೆಗಳಲ್ಲಿ ಪ್ರಕಟವಾಗಬೇಕು. ಯಾವ ಗ್ರಾಹಕನೂ ಆಕ್ಷೇಪಣೆ ಬರೆದು ಬಹಿರಂಗ ವಿಚಾರಣೆಯಲ್ಲಿ ಮಾತನಾಡಬಹುದು. ಯಾವ ಉತ್ಪಾದಕನಿಗೆ ಎಷ್ಟು ಸ್ಥಿರ ವೆಚ್ಚ, ಎಷ್ಟು ಇಂಧನ ವೆಚ್ಚ ಎಂಬ ಪಟ್ಟಿ ಆಯೋಗದ ಆದೇಶದಲ್ಲಿರುತ್ತದೆ. ಬಿ.ಕಾಂ. ಓದಿದ ತರುಣರಿಗೂ ಲೆಕ್ಕಪರಿಶೋಧಕರಿಗೂ ಈ ಸಮಾಜದಲ್ಲಿ ಕೊರತೆಯಿಲ್ಲ. ಅವರು ಕಂಪನಿಗಳ ಷೇರುಗಳನ್ನು ಕೊಳ್ಳುವಾಗ ಬ್ಯಾಲೆನ್ಸ್ ಷೀಟನ್ನು ಅಡಿಯಿಂದ ಮುಡಿಯವರೆಗೆ ಓದುತ್ತಾರೆ. ತಾವೇ ಜಾಮೀನು ನಿಂತಿರುವ ಈ ಖಾತೆಯನ್ನು ಮಾತ್ರ ತೆರೆಯುವುದಿಲ್ಲ. ಒಂದೊಂದು ಟ್ರಸ್ಟು ವರ್ಷಕ್ಕೊಂದು ಆಕ್ಷೇಪಣೆಯನ್ನು ಬರೆದರೂ ಅದು ಗ್ರಂಥದಾನಕ್ಕೆ ಕಡಿಮೆಯಾದ ಕಾರ್ಯವಲ್ಲ.

ಈಗ ಮತ್ತೊಂದು ಬಗೆಯ ಕರಾರು ಬಂದಿದೆ. ಅದಕ್ಕೆ ಹೊಗೆಯಿಲ್ಲ, ಕಲ್ಲಿದ್ದಲಿಲ್ಲ, ಅಣೆಕಟ್ಟಿಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕು 2019ರಲ್ಲಿ ಪೂರ್ಣಗೊಂಡಿತು. ಸರಕಾರಿ ನಿಗಮವು ಭೂಮಿ, ರಸ್ತೆ, ತಂತಿಗಳ ವ್ಯವಸ್ಥೆ ಮಾಡುತ್ತದೆ, ಉತ್ಪಾದನೆ ಕಂಪನಿಗಳದು. ಇಲ್ಲಿ ರೈತನ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ; ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಿಡಿದು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಸುವ ಕರಾರಾಯಿತು. ಸ್ಥೂಲವಾಗಿ ಮೊದಲ ವರ್ಷದ ಗುತ್ತಿಗೆಯೇ 27 ಕೋಟಿ ರೂಪಾಯಿಗಳನ್ನು ಮೀರುತ್ತದೆ. ಬರಗಾಲಕ್ಕೆ ಹೆಸರಾದ ತಾಲ್ಲೂಕಿಗೆ ಇದು ಸಣ್ಣ ಮಾತಲ್ಲ, ಭೂಸ್ವಾಧೀನದ ಹಳೆಯ ಕ್ರೌರ್ಯಕ್ಕಿಂತ ಎಷ್ಟೋ ಪಾಲು ಮೇಲು. ಆದರೆ ಎರಡು ವರ್ಷಕ್ಕೆ ಶೇ. 5 ಎಂದರೆ ವರ್ಷಕ್ಕೆ ಎರಡೂವರೆಯೇ ಆಯಿತು. ಬೆಲೆಯೇರಿಕೆಯ ಮುಂದೆ ಆ ಬಾಡಿಗೆ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ.

ಬೀದರ್ ಜಿಲ್ಲೆಯಲ್ಲಿಯೂ ಸೌರ ಪಾರ್ಕಿನ ಪ್ರಸ್ತಾಪ ಕೇಳಿಬಂದಿದೆ. ಔರಾದದ ನೆಲ ಪಾವಗಡದ ನೆಲವಲ್ಲ. ಉದ್ದು, ಹೆಸರು, ಸೋಯಾ, ತೊಗರಿ, ಹಿಂಗಾರಿಯ ಕಡಲೆ, ಜೋಳ ಬೆಳೆಯುವ ಕಪ್ಪು ಮಣ್ಣಿಗೆ ಪಾವಗಡದ ದರವನ್ನೇ ಹಚ್ಚಲಾಗದು. ಗುತ್ತಿಗೆಯ ಅವಧಿಯೆಷ್ಟು, ಕಂಪನಿ ಕೈಬದಲಾದರೆ ಬಾಡಿಗೆಗೆ ಹೊಣೆ ಯಾರು, ಅವಧಿ ಮುಗಿದ ಮೇಲೆ ಕಂಬ ಕಾಂಕ್ರೀಟು ಗಾಜುಗಳನ್ನು ತೆಗೆದು ನೆಲವನ್ನು ನೇಗಿಲಿಗೆ ಹಿಂದಿರುಗಿಸುವ ವೆಚ್ಚ ಯಾರದು, ಇವೆಲ್ಲವನ್ನೂ ಹೆಬ್ಬೆಟ್ಟಿಗಿಂತ ಮೊದಲು ಕೇಳಿಕೊಳ್ಳಬೇಕಾದ ಮಾತುಗಳು. ಭೂಮಿಯುಳ್ಳವನು ಹೇಗೋ ಕೇಳಿಯಾನು. ಪಾವಗಡದಲ್ಲಿ ಬಾಡಿಗೆ ಬಂದುದು ಪಹಣಿಯಲ್ಲಿ ಹೆಸರುಳ್ಳವರಿಗೆ. ಅದೇ ಹೊಲಗಳಲ್ಲಿ ಕಳೆ ತೆಗೆದು, ಕೊಯ್ಲು ಮಾಡಿ ಕೂಲಿ ಪಡೆಯುತ್ತಿದ್ದವರಿಗೂ ಬೀಳುನೆಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಕೆಲಸ ಹೋಯಿತು, ಬಾಡಿಗೆ ಬರಲಿಲ್ಲ. ಔರಾದದ ತೊಗರಿ ಹೊಲದಲ್ಲಿ ಕಳೆ ಕೀಳುವ ಹೆಂಗಸಿನ ಹೆಸರೂ ಪಹಣಿಯ ಯಾವ ಕಲಮಿನಲ್ಲಿಯೂ ಇಲ್ಲ.